ಮಾಟುಂಗಾ ಪೇಟೆಯಲ್ಲಿ ಬಾಯಿಚಪಲಕ್ಕೆ ಮದ್ದು: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಮುಂಬಯಿಯ ಮಾಟುಂಗಾ ಸ್ಟೇಷನ್ನಿನಲ್ಲಿ ಪೂರ್ವದ ಕಡೆ ಇಳಿದರೆ ಬಾಯಿ ಕಟ್ಟಿಕೊಂಡು ನಡೆಯುವುದು ಸುಲಭವಲ್ಲ. ಕೊಬ್ಬರಿ ಎಣ್ಣೆಯಲ್ಲಿ ಕಣ್ಣೆದುರೇ ಕರಿಯುವ ಬಾಳೆಕಾಯಿ ಚಿಪ್ಸು, ಮುರುಕು, ಕೋಡುಬಳೆ, ಆಗಷ್ಟೇ ಪುಡಿಯಾದ ಕಾಫಿಯ ಘಮ, ಉಡುಪಿ ಹೋಟೆಲುಗಳ ಬಾಗಿಲಲ್ಲಿ ಕಾದು ನಿಂತ ಜನ. 1926ರಲ್ಲಿ ಶುರುವಾದ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್ ಇರುವ ಈ ಪೇಟೆಗೆ ಡೊಂಬಿವಲಿ, ಮುಲುಂಡಿನ ಕನ್ನಡದ ಮನೆಗಳವರೂ ಸಾಮಾನಿಗೆಂದು ಬರುತ್ತಾರೆ. ಅದೇ ಪೇಟೆಯ ಕಿರಾಣಿ ಅಂಗಡಿ, ಔಷಧಿ ಅಂಗಡಿಗಳ ಕಪಾಟಿನಲ್ಲಿ ಈಗ ಇನ್ನೊಂದು ಬಗೆಯ ಸಾಮಾನೂ ಸಾಲಾಗಿ ನಿಂತಿದೆ: ಹಸಿವು ತಗ್ಗಿಸುತ್ತದೆ, ತಿನ್ನುವ ಚಟ ಬಿಡಿಸುತ್ತದೆ ಎಂದು ಹೇಳಿಕೊಳ್ಳುವ ಕಾಳು, ಪುಡಿ, ಬೀಜ, ಮಾತ್ರೆ, 'ಡಯಟ್' ಚಿವ್ಡಾ ಎಂಬ ಅವಲಕ್ಕಿಯ ಒಣ ತಿಂಡಿ. ಅವುಗಳಲ್ಲಿ ಮುಖ್ಯವಾದವನ್ನು ಇಲ್ಲಿ ಒಂದೊಂದಾಗಿ ತೂಗಿ ನೋಡಲಾಗಿದೆ.

ತೂಗುವ ಬಟ್ಟು ಯಾವುದು ಅಂದರೆ, ಸುಮಾರು 100 ಕ್ಯಾಲರಿಯಷ್ಟು ತಿಂದಾಗ ಎಷ್ಟು ಪ್ರೋಟೀನು, ಎಷ್ಟು ನಾರು ಹೊಟ್ಟೆಗೆ ಹೋಗುತ್ತದೆ, ಹಲ್ಲಿಗೆ ಎಷ್ಟು ಕೆಲಸ ಸಿಗುತ್ತದೆ, ಮತ್ತು ಸಂಜೆ ಆರರ ಲೋಕಲ್ಲಿನಲ್ಲಿ ಒಂದು ಕೈಯಲ್ಲಿ ಹಿಡಿಕೆ ಹಿಡಿದು ಇನ್ನೊಂದು ಕೈಯಲ್ಲಿ ಅದನ್ನು ತಿನ್ನಲಾಗುತ್ತದೆಯೇ. ಕೊನೆಯದು ತಮಾಷೆಗೆ ಹೇಳಿದ್ದಲ್ಲ. ದಾದರ್ ಸ್ಟೇಷನ್ನಿನ ಹೊರಗೆ 1966ರಲ್ಲಿ ಹುಟ್ಟಿತೆನ್ನುವ ವಡಾ ಪಾವ್ ಊರನ್ನೇ ಗೆದ್ದದ್ದು ಒಂದೇ ಕೈಯಲ್ಲಿ ತಿನ್ನಬಹುದು ಎಂಬ ಗುಣದಿಂದಲೂ ಹೌದು. ಒಂದು ವಡಾ ಪಾವಿಗೆ ಸುಮಾರು 300 ಕ್ಯಾಲರಿ. ಅದರ ಜಾಗಕ್ಕೆ ಬರುವ ವಸ್ತುವೂ ಅಷ್ಟೇ ಸಲೀಸಾಗಿರಬೇಕು. ಇಲ್ಲದಿದ್ದರೆ ಮೂರನೇ ದಿನಕ್ಕೆ ಡಬ್ಬಿ ಮನೆಯಲ್ಲೇ ಉಳಿಯುತ್ತದೆ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ಏನಾದರೂ ತಿನ್ನಬೇಕು ಅನ್ನಿಸಿದಾಗ, ಎದುರಿಗೆ ಬರೀ ಮೊಸರನ್ನ ಇಟ್ಟರೆ ತಿನ್ನುತ್ತೀರಾ? ಹೌದು ಅಂದರೆ ಅದು ಹಸಿವು, ಅದಕ್ಕೆ ಊಟವೇ ಆಗಬೇಕು. ಮೊಸರನ್ನ ಬೇಡ, ಖಾರದ್ದೋ ಕರುಕುರು ಅನ್ನುವುದೋ ಬೇಕು ಅಂದರೆ ಅದು ಬಾಯಿಚಪಲ, ಅದಕ್ಕೆ ಜಗಿಯುವ ವಸ್ತು ಬೇಕು. ಪೇಟೆಯ ಸಾಮಾನಿನ ಮುಕ್ಕಾಲು ಪಾಲು ಗೊಂದಲ ಇಲ್ಲೇ ಇದೆ: ಹಸಿವಿನ ಮದ್ದನ್ನು ಬಾಯಿಚಪಲಕ್ಕೆ, ಬಾಯಿಚಪಲದ ಮದ್ದನ್ನು ಹಸಿವಿಗೆ ಮಾರುತ್ತಾರೆ.

ಭಟ್ಟಿಯ ಚಣಾ

ಹಸಿವು, ಬಾಯಿಚಪಲ ಎರಡಕ್ಕೂ ಸಲ್ಲುವುದು ಒಂದೇ ವಸ್ತು, ಸಿಪ್ಪೆ ಸಮೇತ ಹುರಿದ ಕಡಲೆ. ಮುಂಬಯಿಯಲ್ಲಿ ಚಣಾ ಅಥವಾ ಫುಟಾಣೆ ಅಂತ ಕೇಳಬೇಕು. ಹುರಿಗಡಲೆ ಎಂದು ಊರಿನ ಅಭ್ಯಾಸದಲ್ಲಿ ಕೇಳಿದರೆ ಚಟ್ನಿಗೆ ಹಾಕುವ, ಸಿಪ್ಪೆ ತೆಗೆದ ಬಿಳಿ ಡಾಳೆ ಕೊಡುತ್ತಾರೆ. ಅದೂ ಕೆಟ್ಟದ್ದಲ್ಲ, ಪ್ರೋಟೀನು ಸಮಸಮ. ಆದರೆ ಸಿಪ್ಪೆಯ ಜೊತೆ ನಾರಿನ ದೊಡ್ಡ ಪಾಲೂ ಹೋಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಡಾಳೆ ಹಲ್ಲಿಗೆ ಸಿಕ್ಕಿದ ಕೂಡಲೇ ಪುಡಿಯಾಗುತ್ತದೆ, ಮುಷ್ಟಿ ಖಾಲಿಯಾಗಲು ಎರಡು ನಿಮಿಷ ಸಾಕು. ಸಿಪ್ಪೆಯ ಚಣಾ ಅಷ್ಟೇ ತೂಕಕ್ಕೆ ಏಳೆಂಟು ನಿಮಿಷ ಹಿಡಿಯುತ್ತದೆ. ತಿಂದದ್ದು ಸಾಕು ಎಂಬ ಸುದ್ದಿ ಹೊಟ್ಟೆಯಿಂದ ತಲೆಗೆ ಮುಟ್ಟಲು ಹೊತ್ತು ಬೇಕು. ಆ ಹೊತ್ತನ್ನು ಸಿಪ್ಪೆ ಸಂಪಾದಿಸಿ ಕೊಡುತ್ತದೆ.

ಲೆಕ್ಕ ಹೀಗಿದೆ. 30 ಗ್ರಾಂ, ಅಂದರೆ ಒಂದು ಮುಷ್ಟಿ ಚಣಾದಲ್ಲಿ ಸುಮಾರು 110 ಕ್ಯಾಲರಿ, 6 ಗ್ರಾಮಿಗೂ ಸ್ವಲ್ಪ ಹೆಚ್ಚು ಪ್ರೋಟೀನು. ಅಷ್ಟೇ ತೂಕದ ಶೇಂಗಾದಲ್ಲಿ ಪ್ರೋಟೀನು 7 ಗ್ರಾಂ ಇದ್ದರೂ ಕ್ಯಾಲರಿ 170 ದಾಟುತ್ತದೆ. ಶೇಂಗಾ ತಿನ್ನಬಾರದು ಅಂತಲ್ಲ, ಎಣಿಸಿ ತಿನ್ನಬೇಕು. ಚಣಾವನ್ನು ಎಣಿಸುವ ಅಗತ್ಯ ಕಡಿಮೆ. ಒಣ ಕಾಳಾದ್ದರಿಂದ ಎರಡು ಮುಷ್ಟಿಯಾಗುವಷ್ಟರಲ್ಲಿ ಬಾಯಿ ತಾನೇ ನೀರು ಕೇಳುತ್ತದೆ.

ಕೊಳ್ಳುವಾಗ ಭಟ್ಟಿಯಿರುವ ಅಂಗಡಿ ಹುಡುಕಿ. ಕಬ್ಬಿಣದ ಬಾಣಲೆಯಲ್ಲಿ ಕಾದ ಮರಳಿಗೆ ಕಾಳು ಹಾಕಿ, ಸಿಡಿದ ಕೂಡಲೇ ಜರಡಿ ಹಿಡಿಯುತ್ತಾರೆ. ಜರಡಿ ಸವೆದಿದ್ದರೆ ಮರಳಿನ ಕಣ ಸಿಪ್ಪೆಯ ಬಿರುಕಿನಲ್ಲಿ ಉಳಿದು ಹಲ್ಲಿಗೆ ಕರಕರ ಅನ್ನುತ್ತದೆ. ಕೊಳ್ಳುವ ಮುಂಚೆ ನಾಲ್ಕು ಕಾಳು ಬಾಯಿಗೆ ಹಾಕಿ ನೋಡುವುದು ಇಲ್ಲಿ ಸಭ್ಯತೆಗೆ ವಿರೋಧವಲ್ಲ. ಬಣ್ಣವನ್ನೂ ನೋಡಿ. ಅರಿಶಿನ, ಉಪ್ಪು ಹಾಕಿದ ಚಣಾ ಮಾಸಲು ಹಳದಿಯಾಗಿ, ಅಲ್ಲಲ್ಲಿ ಮಚ್ಚೆ ಮಚ್ಚೆಯಾಗಿ ಇರುತ್ತದೆ. ಎಲ್ಲ ಕಾಳೂ ಒಂದೇ ಸಮ ನಿಂಬೆ ಹಳದಿಯಲ್ಲಿ ಹೊಳೆಯುತ್ತಿದ್ದರೆ ಬಿಟ್ಟುಬಿಡಿ. ಅರಮೀನ್ ಎಂಬ ಬಟ್ಟೆಯ ಬಣ್ಣವನ್ನು ಆಹಾರಕ್ಕೆ ಬೆರೆಸುವುದು ನಿಷಿದ್ಧ, ಆದರೂ ಹಳದಿ ಹೆಚ್ಚಿಸಲು ಅದನ್ನು ಬಳಸುವವರಿದ್ದಾರೆ. ಬಣ್ಣವಿಲ್ಲದ ಕಂದು ಚಣಾ ಕೊಂಡರೆ ಈ ತಲೆನೋವೇ ಇಲ್ಲ.

ಯಾರಿಗೆ ಒಗ್ಗುವುದಿಲ್ಲ? ನಾರಿನ ರೂಢಿಯೇ ಇಲ್ಲದವರು ಮೊದಲ ದಿನವೇ 60 ಗ್ರಾಂ ತಿಂದರೆ ರಾತ್ರಿ ಹೊಟ್ಟೆ ಉಬ್ಬರಿಸುತ್ತದೆ. ವಾರದ ಮಟ್ಟಿಗೆ 15 ಗ್ರಾಂ ತಿನ್ನಿ, ಜೊತೆಗೆ ಒಂದು ಲೋಟ ನೀರು. ಹಲ್ಲು ಸಡಿಲವಿರುವ ಹಿರಿಯರಿಗೆ ಡಾಳೆಯೇ ಸರಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಾಳು ಗಂಟಲಲ್ಲಿ ಸಿಕ್ಕುವ ಭಯವಿರುವುದರಿಂದ ಕೊಡಲೇಬೇಡಿ.

ಕುರ್ಮುರಾ, ಮಖಾನಾ

ಮಂಡಕ್ಕಿಗೆ ಮುಂಬಯಿಯಲ್ಲಿ ಕುರ್ಮುರಾ ಅಂತಾರೆ. ಸೇವ್ ಹಾಕದ ಸೂಕಾ ಭೇಳ್ ಆರೋಗ್ಯಕ್ಕೆ ಒಳ್ಳೆಯದು ಎಂಬ ನಂಬಿಕೆ ಆಫೀಸುಗಳಲ್ಲಿ ಗಟ್ಟಿಯಾಗಿ ಬೇರೂರಿದೆ. 30 ಗ್ರಾಂ ಕುರ್ಮುರಾ ನೋಡಲು ದೊಡ್ಡ ಬೋಗುಣಿ ತುಂಬ, ಕ್ಯಾಲರಿ ಚಣಾದಷ್ಟೇ, ಪ್ರೋಟೀನು 2 ಗ್ರಾಮಿನ ಆಸುಪಾಸು. ಉಬ್ಬಿದ ಅಕ್ಕಿ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಜೋರಾಗಿ ಏರಿಸಿ ಇಳಿಸುತ್ತದೆ, ಒಂದು ಗಂಟೆಗೆ ಮತ್ತೆ ಹಸಿವು. ತಿನ್ನಲೇಬೇಕಾದರೆ ಅರ್ಧ ಕುರ್ಮುರಾ, ಅರ್ಧ ಚಣಾ ಬೆರೆಸಿ, ಈರುಳ್ಳಿ, ಸೌತೆಕಾಯಿ, ನಿಂಬೆಹುಳಿ ಹಾಕಿ ತಿನ್ನಿ. ಸಿಹಿ ಚಟ್ನಿ ಬೇಡ ಅನ್ನಿ, ಅದು ಬೆಲ್ಲ, ಖರ್ಜೂರದ ಪಾಕ.

ಮಖಾನಾಕ್ಕೆ ಈಗ ಬಂದಿರುವ ಬೆಲೆ ಅದರ ಗುಣಕ್ಕೆ ತಕ್ಕದ್ದಲ್ಲ ಎಂಬುದೇ ನಮ್ಮ ತೀರ್ಪು. ಬಿಹಾರದ ಮಿಥಿಲೆಯ ಈ ನೈದಿಲೆಜಾತಿಯ ಬೀಜಕ್ಕೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಆಮೇಲೆ ಪೊಟ್ಟಣಗಳ ಬಣ್ಣವೂ ಬೆಲೆಯೂ ಏರಿದವು. 25 ಗ್ರಾಮಿಗೆ ಸುಮಾರು 90 ಕ್ಯಾಲರಿ, ಎರಡೂವರೆ ಗ್ರಾಂ ಪ್ರೋಟೀನು. ಉಳಿದದ್ದು ಹೆಚ್ಚುಕಡಿಮೆ ಪಿಷ್ಟವೇ. ಅದರ ನಿಜವಾದ ಗುಣ ಗಾತ್ರ: 25 ಗ್ರಾಂ ಅಂದರೆ ಊಟದ ಬಟ್ಟಲು ತುಂಬಿ ಹೊರಚೆಲ್ಲುತ್ತದೆ. ಟಿವಿ ಮುಂದೆ ಕೈ ಸುಮ್ಮನಿರದವರಿಗೆ ಅದು ಉಪಯೋಗ. ಮಸಾಲೆ ಹಾಕಿದ ಪೊಟ್ಟಣದ್ದು ಬೇಡ, ಮಸಾಲೆ ಅಂಟಲೆಂದು ಎಣ್ಣೆ ಸುರಿದಿರುತ್ತಾರೆ. ಹಸಿ ಮಖಾನಾ ತಂದು, ಒಂದು ಚಹಾ ಚಮಚ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಹುರಿಯಿರಿ. ಒಂದನ್ನು ಬೆರಳಲ್ಲಿ ಒತ್ತಿದರೆ ಚೂರಾಗಬೇಕು, ಚಪ್ಪಟೆಯಾದರೆ ಇನ್ನೂ ಆಗಿಲ್ಲ. ಉರಿ ಜೋರಾದರೆ ಹೊರಗೆ ಕಂದು, ಒಳಗೆ ರಬ್ಬರು.

ಇಸಬ್‌ಗೋಲ್: ಸರಿಯಾಗಿ ಕುಡಿದರೆ ಮಾತ್ರ

ಔಷಧಿ ಅಂಗಡಿಯ ಈ ಹೊಟ್ಟು ಗುಜರಾತ್, ರಾಜಸ್ಥಾನದ ಬೆಳೆ. ಅದರ ದೊಡ್ಡ ವ್ಯಾಪಾರವೆಲ್ಲ ಉತ್ತರ ಗುಜರಾತಿನ ಊಂಝಾ, ಸಿದ್ಧಪುರದ ಕಡೆಯದ್ದು. ಮಲಬದ್ಧತೆಗೆ ಎಂದು ಮನೆಮನೆಯಲ್ಲಿ ಇರುತ್ತದೆ. ನೀರು ಹೀರಿ ಲೋಳೆಯಾಗಿ ಉಬ್ಬುವುದೇ ಅದರ ಗುಣ, ಹೊಟ್ಟೆಯಲ್ಲಿ ಜಾಗ ಹಿಡಿದು ಊಟವನ್ನು ನಿಧಾನಕ್ಕೆ ಮುಂದೆ ಕಳಿಸುತ್ತದೆ. ಇದು ಹಸಿವಿನ ಮದ್ದು. ಬಾಯಿಚಪಲಕ್ಕೆ ಇದರಿಂದ ಏನೂ ಆಗದು, ಜಗಿಯುವುದಕ್ಕೆ ಏನೂ ಇಲ್ಲವಲ್ಲ.

ರಾತ್ರಿ ಬಿಸಿ ಹಾಲಿನಲ್ಲಿ ಕುಡಿದು "ಹಸಿವೇನೂ ಕಡಿಮೆಯಾಗಲಿಲ್ಲ" ಅನ್ನುವವರು ಬಹಳ. ರಾತ್ರಿ ಕುಡಿದದ್ದು ಬೆಳಿಗ್ಗೆ ಹೊಟ್ಟೆ ಸಾಫಾಗಲು. ಸಂಜೆಯ ಹಸಿವಿಗಾದರೆ ಸಂಜೆಯೇ ಕುಡಿಯಬೇಕು. ಮನೆ ಮುಟ್ಟಿದ ಕೂಡಲೇ ಡಬ್ಬಿಗಳಿಗೆ ಕೈ ಹಾಕುವ ರೂಢಿ ಇದ್ದರೆ, ಆಫೀಸಿನಿಂದ ಹೊರಡುವ ಅರ್ಧ ಗಂಟೆ ಮೊದಲು. ರಾತ್ರಿಯೂಟದಲ್ಲಿ ಎರಡನೇ ಸಲ ಅನ್ನ ಬಡಿಸಿಕೊಳ್ಳುವುದೇ ತೊಂದರೆಯಾದರೆ, ಊಟಕ್ಕೆ 20 ನಿಮಿಷ ಮೊದಲು. ಒಂದು ಚಹಾ ಚಮಚ, ಸುಮಾರು 2ರಿಂದ 3 ಗ್ರಾಂ, 250 ಮಿಲಿ ತಣ್ಣೀರಿಗೆ ಅಥವಾ ತೆಳು ಮಜ್ಜಿಗೆಗೆ ಹಾಕಿ ಕಲಕಿ, ನಿಮಿಷದೊಳಗೆ ಕುಡಿದು ಮುಗಿಸಬೇಕು. ಬಿಟ್ಟರೆ ಗಂಜಿಯಾಗಿ ಗಂಟಲಲ್ಲಿ ಇಳಿಯದು. ಅದರ ಮೇಲೆ ಇನ್ನೊಂದು ಲೋಟ ನೀರು ಕಡ್ಡಾಯ. ವಾರ ಕಳೆದು ಒಗ್ಗಿದರೆ ಎರಡು ಚಮಚ.

ಎಡವಟ್ಟಾಗುವುದು ನೀರಿನಲ್ಲಿ. ಒಣ ಹೊಟ್ಟು ಬಾಯಿಗೆ ಹಾಕಿ ಎರಡು ಗುಟುಕು ನೀರು ಕುಡಿದರೆ ಅದು ಅನ್ನನಾಳದಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು, ಇದು ಆಸ್ಪತ್ರೆಗೆ ಹೋಗುವ ವಿಷಯ. ನುಂಗಲು ತೊಂದರೆ ಇರುವವರು, ಕರುಳಿನ ಅಡಚಣೆ ಆಗಿದ್ದವರು ಮುಟ್ಟಬಾರದು. ಥೈರಾಯ್ಡ್, ಸಕ್ಕರೆ ಕಾಯಿಲೆ, ಹೃದಯದ ಗುಳಿಗೆ ನುಂಗುವವರು ಗುಳಿಗೆಗೂ ಇದಕ್ಕೂ ನಡುವೆ ಕನಿಷ್ಠ ಎರಡು ಗಂಟೆ ಅಂತರ ಇಡಬೇಕು, ಇಲ್ಲದಿದ್ದರೆ ಲೋಳೆ ಗುಳಿಗೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕಿತ್ತಳೆ ರುಚಿಯ ಪುಡಿಗಳಲ್ಲಿ ಸಕ್ಕರೆ ಸೇರಿರಬಹುದು, ಡಬ್ಬಿಯ ಹಿಂಬದಿ ಓದಿ. ಸಾದಾ ಹೊಟ್ಟಿಗೆ ಇರುವುದು ಒಂದೇ ಪದಾರ್ಥ.

ಇದರ ತಂಗಿಯಂತಿರುವುದು ಸಬ್ಜಾ, ನಮ್ಮ ಕಾಮಕಸ್ತೂರಿ ಬೀಜ, ಫಲೂದಾದಲ್ಲಿ ಕಪ್ಪು ಕಣ್ಣು ಬಿಟ್ಟುಕೊಂಡು ತೇಲುವುದು. ಒಂದು ಚಮಚ ಬೀಜವನ್ನು ಒಂದು ಲೋಟ ನೀರಿನಲ್ಲಿ 15ರಿಂದ 20 ನಿಮಿಷ ನೆನೆಸಿದರೆ ಸುತ್ತ ಲೋಳೆಯ ಪರೆ ಕಟ್ಟುತ್ತದೆ. ಇಸಬ್‌ಗೋಲಿನಷ್ಟು ಗಟ್ಟಿ ಕೆಲಸ ಇದರದ್ದಲ್ಲ, ಆದರೆ ಮಜ್ಜಿಗೆಗೋ ನಿಂಬೆ ನೀರಿಗೋ ಹಾಕಿದರೆ ಕುಡಿಯುವುದು ನಿಧಾನವಾಗುತ್ತದೆ, ಸ್ವಲ್ಪ ಜಗಿದ ಹಾಗೂ ಆಗುತ್ತದೆ. ಬಿಡಿ ಸಬ್ಜಾದಲ್ಲಿ ಮಣ್ಣಿನ ಕಣ ಇರುವುದುಂಟು, ನೆನೆದ ಮೇಲೆ ತೊಳೆಯಲಾಗದು. ಒಣಗಿರುವಾಗಲೇ ಬಿಳಿ ತಟ್ಟೆಯಲ್ಲಿ ಹರಡಿ ಆರಿಸಿಕೊಳ್ಳಿ. ಚಿಯಾ ಬೇರೆ ಬೀಜ, ಬೂದು ಬಣ್ಣ, ಮೈಮೇಲೆ ಚುಕ್ಕೆ, ಅದು ನೆನೆಯಲು ಹೆಚ್ಚು ಹೊತ್ತು. ಎರಡನ್ನೂ ಬೆರೆಸಿ ಚಿಯಾ ಬೆಲೆಗೆ ಮಾರುವ ಅಂಗಡಿಗಳಿಗೆ ಕಡಿಮೆಯಿಲ್ಲ. ಐದು ನಿಮಿಷಕ್ಕೇ ಉಬ್ಬಲು ಶುರುವಾದದ್ದು ಸಬ್ಜಾ.

ಪುನರ್ಪುಳಿಯ ಹೆಸರಿನಲ್ಲಿ

ಗಾರ್ಸೀನಿಯಾ ಎಂಬ ಹೆಸರಿನ ಕ್ಯಾಪ್ಸೂಲುಗಳು ಔಷಧಿ ಅಂಗಡಿಯಲ್ಲೂ ಮೊಬೈಲ್ ಆ್ಯಪಿನಲ್ಲೂ 'ನೈಸರ್ಗಿಕ ಹಸಿವು ನಿಯಂತ್ರಕ' ಎಂದು ಬಿಕರಿಯಾಗುತ್ತವೆ. ಕನ್ನಡದವರಿಗೆ ಈ ಗಿಡ ಹೊಸದಲ್ಲ, ಮಲೆನಾಡಿನ ಉಪ್ಪಾಗೆ ಇದೇ. ಕೊಡಗಿನ ಕಾಚಂಪುಳಿ ಇದೇ ಹಣ್ಣಿನ ರಸ ಕಾಯಿಸಿದ್ದು. ಪುನರ್ಪುಳಿ, ಅಂದರೆ ಮುಂಬಯಿಯ ಕೋಕಂ, ಇದರ ದಾಯಾದಿ. ಕಾಚಂಪುಳಿ ಹಾಕಿದ ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು ಉಂಡು ಹಸಿವೆ ಸತ್ತವರನ್ನು ಕೊಡಗಿನಲ್ಲಿ ಯಾರೂ ಕಂಡಿರಲಾರರು.

ಕ್ಯಾಪ್ಸೂಲು ಮಾರುವವರು ಹೇಳುವುದು ಅದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ ಮಹಿಮೆ. 1998ರಲ್ಲೇ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ, ದಿನಕ್ಕೆ 1500 ಮಿಲಿಗ್ರಾಂ ಕೊಟ್ಟು ಪರೀಕ್ಷಿಸಿದಾಗ, ಬರಿಯ ಹುಸಿಮಾತ್ರೆ ನುಂಗಿದವರಿಗೂ ಇವರಿಗೂ ತೂಕ ಇಳಿದದ್ದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅದರ ಮೇಲೆ, ಗಾರ್ಸೀನಿಯಾ ಮಾತ್ರೆ ನುಂಗಿದವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಅಡುಗೆಯ ಹುಳಿಗೆ ಆ ಭಯವಿಲ್ಲ, ಭಯ ಇರುವುದು ಸಾರವನ್ನು ಕೇಂದ್ರೀಕರಿಸಿದ ಮಾತ್ರೆಗೆ. ದುಡ್ಡು ಕೊಡಬೇಡಿ.

ಬದಲಿಗೆ ಒಣ ಕೋಕಂ ಕೊಳ್ಳಿ. ನಾಲ್ಕೈದು ಸಿಪ್ಪೆಯನ್ನು 250 ಮಿಲಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಹಿಸುಕಿ, ಜೀರಿಗೆ ಪುಡಿ, ಒಂದು ಚಿಟಿಕೆ ಉಪ್ಪು. ಇದು ಹಸಿವು ಕೊಲ್ಲುವುದಿಲ್ಲ, ಆದರೆ ಊಟದ ಕೊನೆಗೆ ಕುಡಿದರೆ ನಾಲಗೆಗೆ ಊಟ ಮುಗಿದ ಸೂಚನೆ ಸಿಗುತ್ತದೆ, ಸಿಹಿ ಹುಡುಕುವುದು ತಪ್ಪುತ್ತದೆ. ಅಂಗಡಿಯಲ್ಲಿ 'ಆಗಳ್' ಅಂತ ಕೇಳಿದರೆ ಉಪ್ಪು ಹಾಕಿ ತೆಗೆದ ರಸ ಸಿಗುತ್ತದೆ, ಅದಕ್ಕೆ ಮತ್ತೆ ಉಪ್ಪು ಹಾಕಬಾರದು. 'ಸರ್ಬತ್' ಅಂತ ಕೇಳಿದರೆ ಸಕ್ಕರೆ ಪಾಕ, ಬಾಟಲಿಯ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಸೋಲ್‌ಕಡಿಯಲ್ಲಿ ತೆಂಗಿನ ಹಾಲಿದೆ, ಅದನ್ನು ನೀರಿನ ಲೆಕ್ಕಕ್ಕೆ ಹಿಡಿಯಬೇಡಿ. ಆಪಲ್ ಸೈಡರ್ ವಿನೆಗರ್ ಬಗ್ಗೆ ಕೇಳುವವರಿಗೆ ಒಂದೇ ಮಾತು: ದಿನಾ ಕುಡಿದರೆ ಹಲ್ಲಿನ ಮೇಲ್ಪದರ ಸವೆಯಬಹುದು.

ಅಂಬಲಿ ಮತ್ತು ನಾಚಣಿ ಬಿಸ್ಕತ್ತು

ರಾಗಿ ಇಲ್ಲಿ ನಾಚಣಿ. ನೂರು ಗ್ರಾಂ ಹಿಟ್ಟಿನಲ್ಲಿ 7 ಗ್ರಾಂ ಪ್ರೋಟೀನು, 11 ಗ್ರಾಂ ನಾರು. ಬೆಳಿಗ್ಗೆ ಹನ್ನೊಂದಕ್ಕೆ ಬರುವ ಹಸಿವಿಗೆ ಮಜ್ಜಿಗೆ ಬೆರೆಸಿದ ಅಂಬಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಮಾಡುವ ಕೆಲಸವನ್ನು ಯಾವ ಶೇಕ್ ಪುಡಿಯೂ ಮಾಡದು. ಎರಡು ದೊಡ್ಡ ಚಮಚ, ಸುಮಾರು 20 ಗ್ರಾಂ ಹಿಟ್ಟನ್ನು 100 ಮಿಲಿ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ. 300 ಮಿಲಿ ನೀರು ಕುದಿಯುವಾಗ ಇದನ್ನು ಹುಯ್ದು, ಸಣ್ಣ ಉರಿಯಲ್ಲಿ ಐದಾರು ನಿಮಿಷ ತಿರುವಿ. ಬಣ್ಣ ಗಾಢವಾಗಿ ಹೊಳಪು ಬಂದರೆ ಬೆಂದಿದೆ. ಪೂರ್ತಿ ಆರಿದ ಮೇಲೆ 100 ಗ್ರಾಂ ಮೊಸರನ್ನು ಕಡೆದು ಬೆರೆಸಿ, ಉಪ್ಪು, ಹೆಚ್ಚಿದ ಈರುಳ್ಳಿ, ಕರಿಬೇವು. ಒಟ್ಟು 130 ಕ್ಯಾಲರಿಯ ಆಸುಪಾಸು. ಕುದಿಯುವ ನೀರಿಗೆ ನೇರ ಹಿಟ್ಟು ಸುರಿದರೆ ಗಂಟು, ಬಿಸಿಯಿರುವಾಗ ಮಜ್ಜಿಗೆ ಹುಯ್ದರೆ ಒಡೆಯುತ್ತದೆ. ರಾತ್ರಿ ಮಾಡಿ ಹುಳಿಗೆ ಬಿಡುವುದಾದರೆ ಮುಂಬಯಿಯ ಮೇ ತಿಂಗಳಲ್ಲಿ ನಾಲ್ಕೈದು ಗಂಟೆ ಸಾಕು, ಆಮೇಲೆ ಫ್ರಿಜ್ಜಿಗೆ. ಇಡೀ ರಾತ್ರಿ ಹೊರಗಿಟ್ಟರೆ ಬೆಳಿಗ್ಗೆ ಹುಳಿ ಕೆಟ್ಟ ವಾಸನೆ. ಕುಡಿಯುವ ವಸ್ತು ಹೊಟ್ಟೆಯಿಂದ ಬೇಗ ಜಾರುತ್ತದೆ, ಹಾಗಾಗಿ ಜೊತೆಗೆ ಅರ್ಧ ಮುಷ್ಟಿ ಚಣಾ ಇಟ್ಟುಕೊಳ್ಳಿ.

ನಾಚಣಿ ಬಿಸ್ಕತ್ತಿಗೆ ಬರೋಣ. ಪೊಟ್ಟಣದ ಹಿಂದೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ಕಾನೂನು. ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ, ಮೂರನೆಯದು ಪಾಮ್ ಎಣ್ಣೆ, ಆಮೇಲೆ ರಾಗಿ ಅಂತಿದ್ದರೆ ಅದು ರಾಗಿ ಬಣ್ಣದ ಮೈದಾ ಬಿಸ್ಕತ್ತು. ರಾಗಿ ಹಪ್ಪಳ ಸುಟ್ಟು ತಿಂದರೆ ಅದಕ್ಕಿಂತ ವಾಸಿ, ಉಪ್ಪು ಮಾತ್ರ ಜಾಸ್ತಿ.

'ಡಯಟ್' ಚಿವ್ಡಾ

ಫರಸಾಣ್, ಅಂದರೆ ಕುರುಕಲು ತಿಂಡಿಯ ಅಂಗಡಿಗಳಲ್ಲಿ ಇದಕ್ಕೆ ಬೇರೆಯೇ ಕಪಾಟು. ಗೋಧಿ ಅವಲು, ಜೋಳದ ಅವಲು, ಸೋಯಾ ಸೇವ್, ಹುರಿದದ್ದು, ಬೇಕ್ ಮಾಡಿದ್ದು. ಇದರ ವಿಷಯದಲ್ಲಿ ಮನೆಯಲ್ಲಿ ಲೆಕ್ಕ ಹಾಕಿದರೆ ಕಣ್ಣು ತೆರೆಯುತ್ತದೆ. 200 ಗ್ರಾಂ ತೆಳು ಅವಲಕ್ಕಿ, ಎರಡು ದೊಡ್ಡ ಚಮಚ ಎಣ್ಣೆ, 30 ಗ್ರಾಂ ಶೇಂಗಾ, 50 ಗ್ರಾಂ ಡಾಳೆ, ಕರಿಬೇವು, ಒಣಮೆಣಸು, ಅರಿಶಿನ. ಇಷ್ಟು ಜಿಪುಣತನದಿಂದ ಮಾಡಿದರೂ 100 ಗ್ರಾಮಿಗೆ ನಾನೂರು ಕ್ಯಾಲರಿ ದಾಟುತ್ತದೆ. ಅವಲಕ್ಕಿಯೇ ಒಣ ಪಿಷ್ಟ, ನೀರಿಲ್ಲ, ಅದಕ್ಕೆ ಹಾಗೆ. ಅಂಗಡಿಯದ್ದರಲ್ಲಿ ಎಣ್ಣೆ ಇದಕ್ಕಿಂತ ಕಡಿಮೆ ಇರುವುದಕ್ಕೆ ಕಾರಣವಿಲ್ಲ. ಪೊಟ್ಟಣದ ಮೇಲೆ ದೊಡ್ಡಕ್ಷರದಲ್ಲಿ '125 ಕ್ಯಾಲರಿ ಮಾತ್ರ' ಎಂದು ಬರೆದಿದ್ದರೆ, ಸಣ್ಣಕ್ಷರದಲ್ಲಿ ಅದು 30 ಗ್ರಾಮಿನ ಲೆಕ್ಕ ಅಂತ ಇರುತ್ತದೆ. 200 ಗ್ರಾಂ ಪೊಟ್ಟಣ ಒಡೆದು 30 ಗ್ರಾಮಿಗೆ ನಿಲ್ಲಿಸುವ ಮನುಷ್ಯನಿಗೆ ಡಯಟ್ ಚಿವ್ಡಾ ಬೇಕಾಗಿಯೇ ಇಲ್ಲ.

ಕೊಳ್ಳಲೇಬೇಕಾದರೆ 100 ಗ್ರಾಮಿನ ಸಾಲನ್ನು ಮಾತ್ರ ನೋಡಿ: ಕೊಬ್ಬು 15 ಗ್ರಾಂ ಒಳಗೆ, ಪ್ರೋಟೀನು 12 ಗ್ರಾಮಿಗೆ ಮೇಲೆ. ಇದು ಸರಕಾರದ ಗೆರೆಯಲ್ಲ, ನಮ್ಮ ಅಡುಗೆಮನೆಯ ಗೆರೆ. ಹೆಚ್ಚಿನವು ಇದರಲ್ಲಿ ನಪಾಸು. ಮನೆಗೆ ತಂದ ಕೂಡಲೇ ಸಣ್ಣ ಡಬ್ಬಿಗಳಿಗೆ ಹಂಚಿ, ದೊಡ್ಡ ಪೊಟ್ಟಣವನ್ನು ಕೈಗೆಟಕದ ಅಟ್ಟಕ್ಕೆ ಸೇರಿಸಿ. ಪಾರದರ್ಶಕ ಬರಣಿಯಲ್ಲಿ ಕಣ್ಣೆದುರೇ ಇಟ್ಟ ತಿಂಡಿಗೆ ಹಸಿವಿಲ್ಲದೆಯೂ ಕೈ ಹೋಗುತ್ತದೆ.

ಊಟದ ನಂತರದ ಸಿಹಿ ಚಟಕ್ಕೆ ಮುಖವಾಸ್ ಸರಿಯಾದ ಮದ್ದು, ಆದರೆ ಬಣ್ಣದ ಸಕ್ಕರೆ ಕೋಟಿನ ಬಡಿಶೇಪ್ (ಸೋಂಪು) ಅಲ್ಲ. 50 ಗ್ರಾಂ ಸೋಂಪಿಗೆ ಅರ್ಧ ನಿಂಬೆಯ ರಸ, ಅರ್ಧ ಚಮಚ ಉಪ್ಪು, ಚಿಟಿಕೆ ಅರಿಶಿನ ಸವರಿ ಎರಡು ಗಂಟೆ ನೆರಳಲ್ಲಿ ಆರಿಸಿ. ಸರಿಯಾಗಿ ಆರದೆ ಬಾಣಲೆಗೆ ಹಾಕಿದರೆ ಹುರಿಯುವ ಬದಲು ಬೇಯುತ್ತದೆ. ಸಣ್ಣ ಉರಿಯಲ್ಲಿ ಹುರಿದು, 50 ಗ್ರಾಂ ಧನಾ ದಾಳ್ (ಕೊತ್ತಂಬರಿ ಬೀಜದ ಬೇಳೆ) ಮತ್ತು ಬೇರೆಯಾಗಿ ಹುರಿದ 25 ಗ್ರಾಂ ಅಗಸೆ, 25 ಗ್ರಾಂ ಎಳ್ಳು ಬೆರೆಸಿ. ಅಗಸೆ ಚಟಪಟ ಸಿಡಿದು ನಿಂತ ಕೂಡಲೇ ಇಳಿಸಿ, ಮೀರಿದರೆ ಕಹಿ. ಊಟಕ್ಕೆ ಒಂದು ಚಮಚ.

ಇವೆಲ್ಲದರ ಹಿಂದಿರುವ ಮೂಲ ಹೆಚ್ಚಾಗಿ ಮಧ್ಯಾಹ್ನದ ಡಬ್ಬಾ. ಮೂರು ಚಪಾತಿ, ಬಟಾಟೆ ಭಾಜಿ ಅಷ್ಟೇ ಆದರೆ ನಾಲ್ಕಕ್ಕೆ ಹೊಟ್ಟೆ ತಾಳ ಹಾಕುವುದರಲ್ಲಿ ಆಶ್ಚರ್ಯವಿಲ್ಲ. 30 ಗ್ರಾಂ ಮಡಿಕೆಕಾಳಿನ ಉಸಳಿ ಸೇರಿಸಿದರೆ ಸುಮಾರು 6 ಗ್ರಾಂ ಪ್ರೋಟೀನು ಕೂಡಿತು. ಎಂಟು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಬಟ್ಟೆಯಲ್ಲಿ ಕಟ್ಟಿ 12ರಿಂದ 15 ಗಂಟೆ ಇಟ್ಟರೆ ಮೊಳಕೆ. ಮಳೆಗಾಲದಲ್ಲಿ ಲೋಳೆ ಬಂದು ವಾಸನೆ ಹೊಡೆಯುವುದು ನೀರು ಬಸಿಯದೆ ಕಟ್ಟಿದ್ದಕ್ಕೆ. ಚಹಾದ ಲೆಕ್ಕವೂ ಇರಲಿ: ಕಟಿಂಗಿಗೆ, ಅಂದರೆ ಅರ್ಧ ಲೋಟ ಚಹಾಕ್ಕೆ ಒಂದೇ ಚಮಚ ಸಕ್ಕರೆ ಅಂದರೂ ದಿನಕ್ಕೆ ನಾಲ್ಕಾದರೆ 20 ಗ್ರಾಂ. ದಿನಕ್ಕೆ 25 ಗ್ರಾಮಿನೊಳಗೆ ಇದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಊಟದ ಒಂದು ಗಂಟೆ ಹಿಂದೆಮುಂದೆ ಚಹಾ ಕಾಫಿ ಬೇಡ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2024ರ ಮಾರ್ಗಸೂಚಿಯಲ್ಲಿ ಹೇಳಿದೆ, ಅದರ ಟ್ಯಾನಿನ್ ಊಟದ ಕಬ್ಬಿಣಾಂಶವನ್ನು ದೇಹಕ್ಕೆ ದಕ್ಕಲು ಬಿಡದು.

ಕಬ್ಬಿಣದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಹಸಿ ಅಕ್ಕಿ, ಮಂಜುಗಡ್ಡೆ, ಬಳಪ, ಮಣ್ಣು ತಿನ್ನಬೇಕು ಅನ್ನಿಸುವ ಚಪಲಕ್ಕೆ ಮೇಲಿನ ಯಾವುದೂ ಮದ್ದಲ್ಲ. ಅಕ್ಕಿ ಆರಿಸುವಾಗ ಮುಷ್ಟಿಗಟ್ಟಲೆ ತಿನ್ನುವುದನ್ನು ಮನೆಗಳಲ್ಲಿ ನಗೆಯಾಡಿ ಬಿಡುತ್ತಾರೆ, ಅದು ರಕ್ತಹೀನತೆಯ ಸೂಚನೆ ಇರಬಹುದು. ಹಿಮೋಗ್ಲೋಬಿನ್ ಜೊತೆಗೆ, ದೇಹದ ಕಬ್ಬಿಣದ ಸಂಗ್ರಹ ತಿಳಿಸುವ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ. ಎಷ್ಟು ತಿಂದರೂ ಹಸಿವು, ಜೊತೆಗೆ ಬಾಯಾರಿಕೆ, ಪದೇ ಪದೇ ಮೂತ್ರ ಅಂದರೆ ಸಕ್ಕರೆ ಪರೀಕ್ಷೆ. ಸಕ್ಕರೆ ಕಾಯಿಲೆಗೆ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಇಸಬ್‌ಗೋಲ್ ಶುರು ಮಾಡುವ ಮೊದಲು, ಅಥವಾ ಮೆಂತ್ಯದ ಪುಡಿ ದಿನವೂ ಚಮಚಗಟ್ಟಲೆ ತಿನ್ನುವ ಮೊದಲು ವೈದ್ಯರಿಗೆ ತಿಳಿಸಬೇಕು, ಸಕ್ಕರೆ ಅಂದಾಜಿಗಿಂತ ಕೆಳಗಿಳಿಯಬಹುದು.

ಒಂದು ಮನೆಗೆ ಎರಡು ವಾರಕ್ಕೆ ಚಣಾ ಅರ್ಧ ಕಿಲೋ, ಒಣ ಕೋಕಂ 100 ಗ್ರಾಂ, ನಾಚಣಿ ಹಿಟ್ಟು ಅರ್ಧ ಕಿಲೋ, ಇಸಬ್‌ಗೋಲ್ ಚಿಕ್ಕ ಡಬ್ಬಿ ಸಾಕು. ಜೂನಿನಿಂದ ಸೆಪ್ಟೆಂಬರ್ ತನಕ ಚಣಾವನ್ನು ಒಮ್ಮೆಗೆ ಪಾವ್ ಕಿಲೋಗಿಂತ ಹೆಚ್ಚು ತರಬೇಡಿ, ಈ ಊರಿನ ತೇವಕ್ಕೆ ಮೂರೇ ದಿನದಲ್ಲಿ ಮೆತ್ತಗಾಗುತ್ತದೆ. ಮೆತ್ತಗಾದದ್ದನ್ನು ಎಸೆಯುವುದು ಬೇಡ. ಕಬ್ಬಿಣದ ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಮೂರು ನಿಮಿಷ ಆಡಿಸಿ, ಬಾಣಲೆಯಿಂದ ತೆಗೆದು ತಟ್ಟೆಯಲ್ಲಿ ಹರಡಿ ಆರಿಸಿ, ಆಮೇಲೆ ಸ್ಟೀಲ್ ಡಬ್ಬಿಗೆ ತುಂಬಿ. ಬಿಸಿಯಿರುವಾಗಲೇ ಮುಚ್ಚಳ ಹಾಕಿದರೆ ಬೆವೆತು ಸಂಜೆಗೆ ಮತ್ತೆ ಮೆತ್ತಗೆ.